ಕಾಳುಮೆಣಸಿನ ತೆರಿಗೆಯಲ್ಲಿ ಎದ್ದ ಮಠ

1/7
ಟ್ರಿಪ್ ಫೋಟೋ ಹಾಕು ಅಂತ ಕ್ಲಾಸಲ್ಲಿ ಎಲ್ರೂ ಕೇಳ್ತಿದ್ರಲ್ಲ, ತಗೊಳ್ಳಿ. ಇದು ಪೋರ್ಚುಗಲ್ ರಾಜಧಾನಿ ಲಿಸ್ಬನ್‌ನ ಜೆರೋನಿಮೋಸ್ ಮಠ. ಬೆಲೆಂ ಅನ್ನೋ ಏರಿಯಾ. ಎದುರಿಗೆ ತೇಜು ನದಿ, ಅದು ಸ್ವಲ್ಪ ಮುಂದೆ ಹೋಗಿ ಅಟ್ಲಾಂಟಿಕ್ ಸೇರುತ್ತೆ. ಕಂಬ, ಕಮಾನು ಎಲ್ಲಾ ಕಡೆ ಕಲ್ಲಲ್ಲೇ ಹಗ್ಗ, ಎಲೆ, ಬಳ್ಳಿ ಕೆತ್ತಿದ್ದಾರೆ. ನೋಡಿ ಸುಸ್ತಾದ್ಮೇಲೆ ನನಗೆ ಬಂದ ಪ್ರಶ್ನೆ ಒಂದೇ: ಇದಕ್ಕೆ ದುಡ್ಡು ಎಲ್ಲಿಂದ ಬಂತು? ಬಿಕಾಂ ಬುದ್ಧಿ, ಏನ್ ಮಾಡೋದು.

2/7
ಮೊದಲು ಇಲ್ಲಿ ಇದ್ದಿದ್ದು ನಾವಿಕರು ಪ್ರಾರ್ಥನೆ ಮಾಡ್ತಿದ್ದ ಒಂದು ಚಿಕ್ಕ ಗುಡಿ. 1497ರ ಜುಲೈನಲ್ಲಿ ವಾಸ್ಕೋ ಡ ಗಾಮ ನಾಲ್ಕು ಹಡಗು ತಗೊಂಡು ಹೊರಟಿದ್ದು ಇದೇ ದಡದಿಂದ. ಹೊರಡೋ ಹಿಂದಿನ ರಾತ್ರಿ ಪ್ರಾರ್ಥನೆಯಲ್ಲಿ ಕಳೆದರಂತೆ. 1498ರ ಮೇನಲ್ಲಿ ಕಲ್ಲಿಕೋಟೆ ಹತ್ತಿರ ಬಂದಿಳಿದರು. ಹೋದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವಾಪಸ್ ಬರಲೇ ಇಲ್ಲ. ಅವರ ಮನೆಯವರೂ ಈ ದಡದಲ್ಲೇ ಕಾದಿರಬೇಕು.

3/7
ದಾರಿ ಗೊತ್ತಾದ ಮೇಲೆ ಲಾಭ ಶುರುವಾಯ್ತು. ರಾಜ ಒಂದನೇ ಮ್ಯಾನುಯೆಲ್ ಗುಡಿಯ ಜಾಗದಲ್ಲಿ ದೊಡ್ಡ ಮಠ ಕಟ್ಟಿಸೋಕೆ ಹೊರಟ. ಮುಗಿಯೋಕೆ ಸುಮಾರು ನೂರು ವರ್ಷ ಹಿಡೀತು. ಖರ್ಚಿಗೆ ಆಫ್ರಿಕಾ ಮತ್ತು ಪೂರ್ವದೇಶಗಳ ವ್ಯಾಪಾರದ ಮೇಲೆ 5% ತೆರಿಗೆ. ಅದರ ಹೆಸರು 'ವಿಂತೇನಾ ದ ಪಿಮೆಂತಾ'. ವಿಂತೇನಾ ಅಂದ್ರೆ ಇಪ್ಪತ್ತರಲ್ಲಿ ಒಂದು ಪಾಲು, ಪಿಮೆಂತಾ ಅಂದ್ರೆ ಮೆಣಸು. ನಮ್ಮ ಘಟ್ಟದಲ್ಲಿ ಮರಕ್ಕೆ ಹಬ್ಬಿ ಬೆಳೆಯುತ್ತಲ್ಲ, ಅದೇ ಕಾಳುಮೆಣಸು. ಒಳಗೆ ಮ್ಯಾನುಯೆಲ್ ಸಮಾಧಿ ಇದೆ. ಅದನ್ನ ಹೊತ್ತಿರೋದು ಯಾರು ಗೊತ್ತಾ? ಅಮೃತಶಿಲೆಯ ಆನೆಗಳು!

4/7
ನದಿ ಅಂಚಲ್ಲಿರೋದು ಬೆಲೆಂ ಗೋಪುರ. ಝೂಮ್ ಮಾಡಿ, ಕೆಳಗಡೆ ಸವೆದುಹೋದ ಒಂದು ಖಡ್ಗಮೃಗದ ತಲೆ ಕಾಣುತ್ತೆ. ಗುಜರಾತಿನ ಸುಲ್ತಾನ ಕೊಟ್ಟ ಖಡ್ಗಮೃಗ ಗೋವಾದಿಂದ ಹಡಗಲ್ಲಿ ಹೊರಟು 1515ರಲ್ಲಿ ಲಿಸ್ಬನ್‌ಗೆ ಬಂತು. ಜರ್ಮನಿಯ ಡ್ಯೂರರ್ ಅದನ್ನ ಕಣ್ಣಲ್ಲಿ ನೋಡದೇನೇ ಚಿತ್ರ ಬರೆದು ಫೇಮಸ್ ಆದ. ಪಾಪ, ಪ್ರಾಣಿನ ಪೋಪ್‌ಗೆ ಉಡುಗೊರೆಯಾಗಿ ಕಳಿಸಿದಾಗ ಇಟಲಿ ಹತ್ತಿರ ಹಡಗು ಮುಳುಗಿ ಸತ್ತುಹೋಯ್ತು.

5/7
ಇದು ಗಾಮನ ಸಮಾಧಿ, ಚರ್ಚ್ ಬಾಗಿಲ ಹತ್ತಿರಾನೇ. ಅವನು ತೀರಿಕೊಂಡಿದ್ದು 1524ರಲ್ಲಿ, ನಮ್ಮ ಕೊಚ್ಚಿಯಲ್ಲಿ. ಸಮಾಧಿ ಮೇಲೆ ಒಂದು ಹಡಗು ಕೆತ್ತಿದ್ದಾರೆ. ನನಗೆ ನೆನಪಾಗಿದ್ದು ಇನ್ನೊಂದು ಹಡಗು. 1502ರಲ್ಲಿ ಎರಡನೇ ಸಲ ಬಂದಾಗ ಗಾಮ, ಮೆಕ್ಕಾದಿಂದ ವಾಪಸ್ ಬರ್ತಿದ್ದ ಯಾತ್ರಿಕರ ಹಡಗು ಹಿಡಿದು ಬೆಂಕಿ ಹಚ್ಚಿಸಿದ. ಹೆಂಗಸರು ಮಕ್ಕಳು ಸೇರಿ ನೂರಾರು ಜನ ಇದ್ರು. ಇದನ್ನ ಬರೆದಿಟ್ಟವನು ಶತ್ರು ಅಲ್ಲ, ಪೋರ್ಚುಗೀಸರ ಹಡಗಿನ ಗುಮಾಸ್ತ ತೊಮೆ ಲೋಪೆಸ್. ತಾಯಂದಿರು ಕೂಸುಗಳನ್ನ ಎತ್ತಿ ತೋರಿಸಿ ಬೇಡಿಕೊಂಡಿದ್ದನ್ನೂ ಬರೆದಿದ್ದಾನೆ. ಅದನ್ನ ಓದ್ಕೊಂಡು ಹೋಗಿದ್ದಕ್ಕೆ ಇಲ್ಲಿ ಸೆಲ್ಫಿ ತೆಗೆಯೋಕೆ ಮನಸ್ಸಾಗಲಿಲ್ಲ.

6/7
1755ರ ನವೆಂಬರ್ 1, ಸಕಲ ಸಂತರ ಹಬ್ಬದ ದಿನ ಲಿಸ್ಬನ್‌ನಲ್ಲಿ ಭಾರೀ ಭೂಕಂಪ ಆಯ್ತು, ಹಿಂದೇನೇ ಸುನಾಮಿ, ಬೆಂಕಿ. ಊರೇ ನೆಲಸಮ. ಭಾರತದ ವ್ಯಾಪಾರ ನೋಡ್ಕೊಳ್ತಿದ್ದ ಕಚೇರಿ 'ಕಾಸಾ ದ ಇಂಡಿಯಾ' ನಾಶವಾಯ್ತು, ಅಲ್ಲಿದ್ದ ಬಹಳಷ್ಟು ಕಾಗದಪತ್ರನೂ ಹೋಯ್ತು. ಈ ಮಠ ಮಾತ್ರ ಹೆಚ್ಚು ಪೆಟ್ಟಿಲ್ಲದೆ ಉಳೀತು. 1983ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರ್ತು. ಅಂದ್ರೆ ಲೆಕ್ಕದ ಪುಸ್ತಕ ಹೋಯ್ತು, ಆಸ್ತಿ ಉಳೀತು. ಯಾವ ಆಡಿಟರ್ ಒಪ್ತಾರೆ ಹೇಳಿ?

7/7
ಕೊನೆಯ ಫೋಟೋ ಲಿಸ್ಬನ್‌ದಲ್ಲ, ಹಳೇದು, ಕುಮಟಾ ಹತ್ತಿರದ ಮಿರ್ಜಾನ್ ಕೋಟೆ. ಈ ಕೋಟೆ ಜೊತೆ ಹೆಸರು ಸೇರಿಕೊಂಡಿರೋದು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದು. 16ನೇ ಶತಮಾನದಲ್ಲಿ ಮೆಣಸಿನ ವ್ಯಾಪಾರ ಕೈಯಲ್ಲಿಟ್ಟುಕೊಂಡು ಪೋರ್ಚುಗೀಸರಿಗೆ ಎದುರು ನಿಂತ ಹೆಣ್ಣುಮಗಳು. ಅವರೇ ಆಕೆಯನ್ನ ಮೆಣಸಿನ ರಾಣಿ ಅಂತ ಕರೆದರು. ಅಲ್ಲೂ ಅದೇ ಪದ, ಪಿಮೆಂತಾ. ಬೆಲೆಂ ಚೆನ್ನಾಗಿಲ್ಲ ಅಂತ ನಾನು ಹೇಳ್ತಿಲ್ಲ. ಕಲ್ಲು ಕೆತ್ತಿದವರ ಕೈಗೆ ನಮಸ್ಕಾರ. ಆದ್ರೆ ಡೆಬಿಟ್ ಕ್ರೆಡಿಟ್ ಎರಡೂ ಬರೆದ್ರೇನೇ ಲೆಕ್ಕ ಅಲ್ವಾ? ಹೋಗೋರು ಹೋಗಿ, ಮನಸಾರೆ ನೋಡಿ. ಅದಕ್ಕಿಂತ ಮುಂಚೆ ಒಂದ್ಸಲ ಮಿರ್ಜಾನ್‌ಗೂ ಹೋಗ್ಬನ್ನಿ.