ಒಂದು ಗಾಜು ತಾನೆ?

ಇಂಗ್ಲೆಂಡಿನಲ್ಲಿ ಕೆಲಸದಲ್ಲಿರುವ ನನ್ನ ತಂಗಿಯ ಮಗ ಈಚೆಗೆ ಒಂದು ಫೋಟೋ ಕಳಿಸಿದ್ದ. ಮನೆಯ ಹಿಂದಿನ ಶೆಡ್ಡಿನಲ್ಲಿ ಅವನು ತನ್ನ ಕೈಯಾರೆ ಜೋಡಿಸುತ್ತಿರುವ, ಮೇಲೆ ಚಾವಣಿಯಿಲ್ಲದ ಪುಟ್ಟ ಕಾರಿನ ಫೋಟೋ ಅದು. ಎಂಜಿನ್, ಚಕ್ರ, ಸೀಟು ಎಲ್ಲವೂ ಕೂತಿದ್ದವು. ಜೊತೆಗೆ ಎರಡು ಸಾಲು ಬರೆದಿದ್ದ: “ಮಾವ, ಎಲ್ಲಾ ಮುಗೀತು. ಮುಂದಿನ ಗಾಜು ಮಾತ್ರ ಬಾಕಿ. ಅದೇನು ಬಿಡಿ, ಒಂದು ಗಾಜು ತಾನೆ?”

ಆ ಕೊನೆಯ ಮಾತನ್ನು ನಾನು ಹಿಂದೊಮ್ಮೆ ಕೇಳಿದ್ದೆ. ಅದನ್ನು ಮೊದಲು ಹೇಳಿಬಿಡುತ್ತೇನೆ.

1984ರ ಮಾತು. ನಾನು ತಾಳವಾಡಿ ಸೀಮೆಯ ಒಂದು ಬ್ಯಾಂಕಿನಲ್ಲಿ ಗುಮಾಸ್ತ. ಸಾಲ ವಸೂಲಿಗೆ ಹಳ್ಳಿ ಸುತ್ತಲು ಬಾಡಿಗೆಗೆ ಒಂದು ಹಳೆಯ ಜೀಪು ಗೊತ್ತಾಗಿತ್ತು. ಅದರ ಮುಂದಿನ ಗಾಜು ಒಡೆದಾಗ ಮಾಲೀಕರು ಫೋಟೋಗೆ ಕಟ್ಟು ಹಾಕುವ ಅಂಗಡಿಯಿಂದ ಕಿಟಕಿ ಗಾಜು ತಂದು ಕೂರಿಸಿದ್ದರು. ಚಾಲಕ ಗೊಣಗಿದ್ದಕ್ಕೆ “ಒಂದು ಗಾಜು ತಾನೆ?” ಎಂದಿದ್ದರು. ಒಂದು ದಿನ ಸತ್ಯಮಂಗಲಕ್ಕೆ ಹೋಗಲು ದಿಂಬಂ ಘಟ್ಟ ಇಳಿಯುತ್ತಿದ್ದೆವು. ಇಪ್ಪತ್ತೇಳು ಕಡಿದಾದ ತಿರುವುಗಳ ಘಟ್ಟ ಅದು. ಮುಂದಿದ್ದ ಲಾರಿಯ ಚಕ್ರದಿಂದ ಸಿಡಿದ ಕಲ್ಲೊಂದು ಗಾಜಿಗೆ ಬಡಿಯಿತು. ಗಾಜು ಚೂರಿಗಳಂತೆ ಉದ್ದುದ್ದ ಸೀಳಿ ಚಾಲಕನ ಕೆನ್ನೆಗೆ ಇಳಿಯಿತು. ಕಣ್ಣಿಗೂ ಗಾಯಕ್ಕೂ ಒಂದು ಬೆರಳಗಲ ಅಂತರ. ರಕ್ತ ಸುರಿಯುತ್ತಿದ್ದರೂ ಆತ ಬ್ರೇಕ್ ಬಿಡದೆ ಜೀಪನ್ನು ಬೆಟ್ಟದ ಕಡೆಗೆ ಒರಗಿಸಿ ನಿಲ್ಲಿಸಿದ. “ಸಾರ್, ನಿಮಗೇನೂ ಆಗಲಿಲ್ಲವಲ್ಲ?” ಎಂದು ಮೊದಲು ನನ್ನನ್ನು ಕೇಳಿದ.

ಆ ಮೇಲೆ ಗಾಜಿನ ಕಥೆಯನ್ನು ಸಿಕ್ಕಲ್ಲೆಲ್ಲ ಓದತೊಡಗಿದೆ. ನಾನು ಓದಿದ್ದು ಮೆಟ್ರಿಕ್ ಮಾತ್ರ. ಆದರೂ ಈ ಕಥೆ ಅರ್ಥವಾಗಲು ಅಷ್ಟು ಸಾಕು.

ಮೋಟಾರು ಬಂದ ಹೊಸತರಲ್ಲಿ ಮುಂದೆ ಗಾಜೇ ಇರಲಿಲ್ಲ. ಓಡಿಸುವವರು ಧೂಳು, ಹುಳುಗಳಿಗೆ ಹೆದರಿ ದಪ್ಪ ಕನ್ನಡಕ ಹಾಕಿಕೊಳ್ಳುತ್ತಿದ್ದರು. ವೇಗ ಹೆಚ್ಚಿದಂತೆ ಗಾಜು ಬಂತು. ಆದರೆ ಅದು ಮನೆಯ ಕಿಟಕಿಯ ಜಾತಿಯದೇ. ಗಾಳಿಯನ್ನು ತಡೆಯಿತು, ಅಪಘಾತದಲ್ಲಿ ಮುಖವನ್ನು ಸೀಳಿತು.

1903ರಲ್ಲಿ ಫ್ರಾನ್ಸಿನ ಎದುವಾರ್ ಬೆನೆಡಿಕ್ಟಸ್ ಎಂಬವರ ಪ್ರಯೋಗಶಾಲೆಯಲ್ಲಿ ಗಾಜಿನ ಬುರುಡೆಯೊಂದು ಕೈತಪ್ಪಿ ನೆಲಕ್ಕೆ ಬಿತ್ತು. ಬಿರುಕು ಬಿಟ್ಟಿತು, ಚೂರು ಮಾತ್ರ ಚದುರಲಿಲ್ಲ. ಒಳಗಿದ್ದ ಸೆಲ್ಯುಲೋಸ್ ನೈಟ್ರೇಟ್ ದ್ರಾವಣ ಒಣಗಿ ತೆಳುವಾದ ಪೊರೆಯಾಗಿ ಚೂರುಗಳನ್ನು ಹಿಡಿದುಕೊಂಡಿತ್ತು. ಎರಡು ಗಾಜಿನ ನಡುವೆ ಅಂಥ ಪೊರೆ ಇಟ್ಟು ಒತ್ತಿ ಅವರು 1909ರಲ್ಲಿ ಪೇಟೆಂಟ್ ಪಡೆದರು. ಮೂರು ಪದರವಾದ್ದರಿಂದ ಅದಕ್ಕೆ ‘ಟ್ರಿಪ್ಲೆಕ್ಸ್’ ಎಂದು ಹೆಸರು. ಮೊದಲ ಮಹಾಯುದ್ಧದಲ್ಲಿ ಅದು ವಿಷಾನಿಲ ತಡೆಯುವ ಮುಖವಾಡಗಳ ಕಣ್ಣುಗಳಿಗೆ ಬಂತು. 1927ರ ಕೊನೆಗೆ ಬಂದ ಫೋರ್ಡ್ ಮಾಡೆಲ್ ಎ ಕಾರಿನ ಮುಂಭಾಗದಲ್ಲೂ ಇಂಥದೇ ಗಾಜಿತ್ತು. ಹಳೆಯ ಪೊರೆ ಬಿಸಿಲಿಗೆ ಹಳದಿಯಾಗುತ್ತಿತ್ತು. 1930ರ ದಶಕದ ಕೊನೆಗೆ ಪಾಲಿವಿನೈಲ್ ಬ್ಯುಟಿರಾಲ್ ಎಂಬ ಪ್ಲಾಸ್ಟಿಕ್ ಪೊರೆ ಬಂದು ಆ ದೋಷ ನೀಗಿತು. ಇಂದು ನಾವು ‘ಲ್ಯಾಮಿನೇಟೆಡ್’ ಎನ್ನುವುದು ಇದನ್ನೇ.

ಇನ್ನು ನನ್ನ ಅಳಿಯನ ಹವ್ಯಾಸಕ್ಕೆ ಬರೋಣ. ಮನೆಯಲ್ಲಿ ಕಾರು ಕಟ್ಟುವುದು ಇಂಗ್ಲೆಂಡಿನಲ್ಲಿ ಹಳೆಯ ಪದ್ಧತಿ. 1922ರಿಂದ 1939ರವರೆಗೆ ತಯಾರಾದ ಆಸ್ಟಿನ್ ಸೆವೆನ್ ಎಂಬ ಅಗ್ಗದ ಕಾರು ಯುದ್ಧದ ನಂತರ ಹಳೆಯದಾಗಿ ಕಡಿಮೆ ಬೆಲೆಗೆ ಸಿಗುತ್ತಿತ್ತು. ಅದರ ಮೈ ಕಳಚಿ, ಅಡಿಗಟ್ಟಿನ ಮೇಲೆ ಹುಡುಗರು ತಮ್ಮದೇ ತಗಡಿನ ಮೈ ಕೂರಿಸುತ್ತಿದ್ದರು. ಕಾಲಿನ್ ಚಾಪ್‌ಮನ್ ಎಂಬ ಯುವಕ 1948ರಲ್ಲಿ ಹೀಗೆಯೇ ಒಂದು ಕಟ್ಟಿದರು. ಲೋಟಸ್ ಕಾರುಗಳ ವಂಶ ಶುರುವಾದದ್ದು ಅಲ್ಲಿಂದ. 1957ರಲ್ಲಿ ಬಂದ ಅವರ ಲೋಟಸ್ ಸೆವೆನ್ ಬಿಡಿಭಾಗಗಳಾಗಿಯೂ ಸಿಗುತ್ತಿತ್ತು. ಪೂರ್ತಿ ಕಾರು ಕೊಂಡರೆ ಖರೀದಿ ತೆರಿಗೆ, ಬಿಡಿಭಾಗ ತಂದು ತಾವೇ ಜೋಡಿಸಿಕೊಂಡರೆ ಆ ತೆರಿಗೆಯಿಲ್ಲ. 1973ರಲ್ಲಿ ಆ ತೆರಿಗೆ ಹೋಗಿ ವ್ಯಾಟ್ ಬಂತು. ಅದೇ ವರ್ಷ ಸೆವೆನ್ ತಯಾರಿಸುವ ಹಕ್ಕು ಕೇಟರ್‌ಹ್ಯಾಮ್ ಕಂಪನಿಗೆ ಹೋಯಿತು.

ಆ ಸೆವೆನ್ನಿನ ಮುಂದಿನ ಗಾಜು ಚಪ್ಪಟೆ. ಕೈಕೆಲಸದವರಿಗೆ ಇದರ ಅನುಕೂಲ ದೊಡ್ಡದು. ಬಾಗಿದ ಗಾಜಿಗೆ ಅಚ್ಚು ಬೇಕು, ಕುಲುಮೆ ಬೇಕು. ಚಪ್ಪಟೆ ಲ್ಯಾಮಿನೇಟೆಡ್ ಹಲಗೆಯನ್ನಾದರೆ ಊರಿನ ಗಾಜಿನ ಕೆಲಸಗಾರನೇ ಎರಡೂ ಮುಖಕ್ಕೆ ಗೀರು ಹಾಕಿ, ನಡುವಿನ ಪೊರೆ ಕೊಯ್ದು ಅಳತೆಗೆ ತರಬಲ್ಲ. ಕಾಯಿಸಿ ಗಟ್ಟಿಮಾಡಿದ ಟಫನ್ಡ್ ಗಾಜನ್ನು ಆಮೇಲೆ ಕತ್ತರಿಸಲಾಗದು. ಕತ್ತರಿಸಹೋದರೆ ಹರಳು ಹರಳಾಗಿ ಉದುರುತ್ತದೆ. ಅಕ್ರಿಲಿಕ್ ಹಾಳೆ ಹಗುರ, ಅಗ್ಗ. ಆದರೆ ವೈಪರ್ ತಿಕ್ಕಿ ತಿಕ್ಕಿ ಅದರ ಮೇಲೆ ಗೀರು ಬೀಳುತ್ತದೆ. ರಾತ್ರಿ ಎದುರು ಗಾಡಿಯ ಬೆಳಕು ಬಿದ್ದರೆ ಮಂಜು ಕವಿದಂತಾಗಿ ದಾರಿ ಕಾಣದು.

ಕೂರಿಸುವುದರಲ್ಲೂ ಒಂದು ಕ್ರಮವಿದೆ. ಮೊದಲು ರಟ್ಟಿನಲ್ಲೋ ಪ್ಲೈವುಡ್ಡಿನಲ್ಲೋ ಮಾದರಿ ಕತ್ತರಿಸಿ ಕಟ್ಟಿಗೆ ಇಟ್ಟು ನೋಡಬೇಕು. ಗಾಜು ಎಲ್ಲಿಯೂ ಲೋಹಕ್ಕೆ ತಾಗಬಾರದು, ಸುತ್ತ ರಬ್ಬರ್ ಪಟ್ಟಿ ಇರಬೇಕು. ತೆರೆದ ಕಾರಿನ ಮೈ ಹಳ್ಳದಿಣ್ಣೆಯಲ್ಲಿ ಸ್ವಲ್ಪ ತಿರುಚಿಕೊಳ್ಳುತ್ತದೆ. ಗಾಜಿಗೆ ಆ ಗುಣವಿಲ್ಲ. ಬೋಲ್ಟನ್ನು ಒಂದು ಕಡೆಯಿಂದಲೇ ಪೂರ್ತಿ ಬಿಗಿದರೆ ಮೂಲೆಯಿಂದ ಬಿರುಕು ಹೊರಡುತ್ತದೆ. ಎಡಬಲ ಸ್ವಲ್ಪ ಸ್ವಲ್ಪವಾಗಿ ಬಿಗಿಯುತ್ತ ಬರಬೇಕು.

ಕಾನೂನೂ ಇದೆ. ಬ್ರಿಟನ್ನಿನಲ್ಲಿ ಮನೆಯಲ್ಲಿ ಕಟ್ಟಿದ ಕಾರುಗಳನ್ನು 1998ರಿಂದ ಒಂದೊಂದಾಗಿ ತಪಾಸಣೆ ಮಾಡಿಯೇ ರಸ್ತೆಗೆ ಬಿಡುತ್ತಾರೆ. ಗಾಜಿನ ಮೂಲಕವೇ ರಸ್ತೆ ನೋಡಬೇಕಾದ ಕಾರಾದರೆ ವೈಪರ್, ನೀರು ಚಿಮ್ಮುವ ವಾಷರ್ ಇರಲೇಬೇಕು. ನಮ್ಮ ದೇಶದಲ್ಲೂ 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಸುರಕ್ಷಿತ ಗಾಜೇ ಬೇಕೆನ್ನುತ್ತವೆ, ಮುಂದಿನದು ಲ್ಯಾಮಿನೇಟೆಡ್ ಇರಬೇಕೆನ್ನುತ್ತವೆ. ಆ ನಿಯಮಾವಳಿ ಬಂದದ್ದು ನಮ್ಮ ಜೀಪಿನ ಪ್ರಸಂಗವಾಗಿ ಐದು ವರ್ಷಕ್ಕೆ.

ಅಳಿಯನಿಗೆ ಇಷ್ಟನ್ನೂ ಬರೆದೆ. ಅವನು ಅಕ್ರಿಲಿಕ್ ಹಾಳೆ ತರಬೇಕೆಂದಿದ್ದನಂತೆ. ಈಗ ರಟ್ಟಿನ ಮಾದರಿ ಕತ್ತರಿಸಿ ಗಾಜಿನವನ ಹತ್ತಿರ ಕೊಟ್ಟಿದ್ದಾನೆ. ಗಾಜಿನ ಮೂಲೆಯಲ್ಲಿ ಲ್ಯಾಮಿನೇಟೆಡ್ ಎಂಬ ಗುರುತಿದೆಯೇ ನೋಡಿಕೋ ಎಂದು ಮತ್ತೆ ಬರೆದಿದ್ದೇನೆ.

ನಿಮ್ಮಲ್ಲೂ ಜೀಪು, ಟೆಂಪೊ, ಹಳೆಯ ಕಾರು ಇಟ್ಟುಕೊಂಡವರಿದ್ದೀರಿ. ಗಾಜು ಬದಲಿಸುವ ದಿನ ಬಂದಾಗ ನೂರಿನ್ನೂರು ಉಳಿಸುವ ಮನಸ್ಸಾಗುತ್ತದೆ. ಆಗ ಆ ಗಾಜಿನ ಹಿಂದೆ ಕೂರುವ ಮುಖ ಯಾರದು ಎಂದು ಒಂದು ಸಲ ಯೋಚಿಸಿ. ನಮ್ಮ ಚಾಲಕ ಮುಂದೆಯೂ ಬಹಳ ವರ್ಷ ಗಾಡಿ ಓಡಿಸಿದ. ಕೆನ್ನೆಯ ಗೆರೆ ಮಾತ್ರ ಮಾಸಲಿಲ್ಲ. ಜೀಪಿನ ಮಾಲೀಕರು ಎದುರಿಗೆ ಸಿಕ್ಕಾಗಲೆಲ್ಲ ಆತನ ಮುಖ ನೋಡದೆ ನೆಲ ನೋಡಿ ಮಾತಾಡುತ್ತಿದ್ದರು.