ಕೂಸಿನ ಮಿದುಳಿನ ಅಲೆ ಓದಿದವರು

ದಿನ ತುಂಬುವ ಮುನ್ನವೇ ಹುಟ್ಟಿದ ಕೂಸನ್ನು ಇನ್‌ಕ್ಯುಬೇಟರ್‌ನಲ್ಲಿ ಮಲಗಿಸಿದೊಡನೆ ಹೆತ್ತವರು ಕೇಳುವುದು, ಮಗು ಉಳಿಯುತ್ತದೆಯೇ ಎಂದು. ಉಳಿಯಿತೆಂದಾದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ: ಮುಂದೆ ಎಲ್ಲ ಮಕ್ಕಳಂತೆ ನಡೆದೀತೆ, ನುಡಿದೀತೆ? ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಮಿದುಳಿನ ಅಲೆಗಳಲ್ಲಿ ಹುಡುಕಿದವರ ಕಥೆ ಇದು.

ಜರ್ಮನಿಯ ಯೇನಾ ನಗರದ ಮನೋವೈದ್ಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲ ಬಾರಿಗೆ ದಾಖಲಿಸಿದರು. ಇಂದು ನಾವು ಇಇಜಿ ಎನ್ನುವುದು ಇದನ್ನೇ. 1950ರ ದಶಕದಲ್ಲಿ ಪ್ಯಾರಿಸ್ಸಿನ ಕೊಲೆತ್ ದ್ರೇಫುಸ್-ಬ್ರಿಸಾಕ್ ಮತ್ತು ಸಂಗಡಿಗರು ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ಅಲೆಗಳನ್ನು ಅಭ್ಯಸಿಸಿದರು. 28 ವಾರಗಳ ಕೂಸಿನ ಮಿದುಳು ಅಲೆಗಳ ಗುಂಪೊಂದನ್ನು ಚಿಮ್ಮಿಸಿ, ಕೆಲವು ಕ್ಷಣ ಮೌನವಾಗಿ, ಮತ್ತೆ ಚಿಮ್ಮಿಸುತ್ತದೆ. ದೊಡ್ಡವರಲ್ಲಿ ಇದು ಗಂಡಾಂತರದ ಸೂಚನೆ. ಆ ಕೂಸಿಗೆ ಸಹಜ. ವಾರಗಳು ಕಳೆದಂತೆ ಮೌನದ ಅವಧಿ ಕಿರಿದಾಗುತ್ತದೆ.

ಆದರೆ ಇಇಜಿ ಅಲ್ಪ ಹೊತ್ತಿನ ಪರೀಕ್ಷೆ; ಓದಲು ತಜ್ಞರೇ ಬೇಕು. 1969ರಲ್ಲಿ ಲಂಡನ್ನಿನ ಡಗ್ಲಾಸ್ ಮೇನಾರ್ಡ್, ಪಮೆಲಾ ಪ್ರಯರ್ ತಂಡ ಸರಳ ಯಂತ್ರವೊಂದನ್ನು ಪರಿಚಯಿಸಿತು. ಗಂಟೆಗೆ 6 ಸೆಂಟಿಮೀಟರ್ ಮಾತ್ರ ಸರಿಯುವ ಕಾಗದದ ಮೇಲೆ ಇಡೀ ದಿನದ ಅಲೆ ಒಂದು ಪಟ್ಟಿಯಾಗಿ ಮೂಡುತ್ತಿತ್ತು. ಹೃದಯ ನಿಂತು ಮತ್ತೆ ಉಸಿರಾಡಿದ ರೋಗಿಗಳಿಗಾಗಿ ಮಾಡಿದ ಈ ಯಂತ್ರವನ್ನು ಶಿಶುಗಳ ಬಳಿಗೆ ತಂದವರಲ್ಲಿ ಸ್ವೀಡನ್ನಿನ ಲುಂಡ್ ನಗರದ ಲೇನಾ ಹೆಲ್‌ಸ್ಟ್ರೋಮ್-ವೆಸ್ಟಾಸ್ ಮತ್ತು ಇಂಗ್ಮಾರ್ ರೊಸೇನ್ ಪ್ರಮುಖರು.

ಇದರ ಅಗತ್ಯವೇನಿತ್ತು? 1978ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲು-ಆನ್ ಪಪೀಲ್ ತಂಡ 1,500 ಗ್ರಾಮಿಗಿಂತ ಕಡಿಮೆ ತೂಕದ 46 ಶಿಶುಗಳ ಮಿದುಳನ್ನು ಸ್ಕ್ಯಾನ್ ಮಾಡಿದಾಗ 20 ಶಿಶುಗಳಲ್ಲಿ ರಕ್ತಸ್ರಾವ ಕಂಡಿತ್ತು. ರಕ್ತ ಎಲ್ಲಿ, ಎಷ್ಟು ಹರಿದಿದೆ ಎಂಬುದನ್ನು ಚಿತ್ರ ಹೇಳುತ್ತದೆ. ಮಿದುಳು ಹೇಗೆ ಕೆಲಸ ಮಾಡುತ್ತಿದೆ ಎಂಬುದನ್ನು ಹೇಳದು. 2001ರಲ್ಲಿ ಲುಂಡ್ ತಂಡ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ರಕ್ತಸ್ರಾವವಾದ ಮಕ್ಕಳ ಪೈಕಿ ಮೊದಲ ದಿನಗಳಲ್ಲೇ ಅಲೆಗಳು ಮೇಲಿಂದ ಮೇಲೆ ಚಿಮ್ಮಿದ್ದವರ ಬೆಳವಣಿಗೆ ಉಳಿದವರಿಗಿಂತ ಚೆನ್ನಾಗಿತ್ತು.

ಹಾಗೆಂದು ಈ ಪಟ್ಟಿ ಹಣೆಬರಹವಲ್ಲ. ನೋವು ತಗ್ಗಿಸಲು ಮಾರ್ಫಿನ್ ಕೊಟ್ಟರೂ ಅಲೆ ಕುಗ್ಗುತ್ತದೆ. ವೈದ್ಯರು ಹೇಳಬಲ್ಲದ್ದು ಸಂಭವವನ್ನು ಮಾತ್ರ. ಯಾವ ಮಗುವನ್ನು ಮತ್ತೆ ಮತ್ತೆ ಕರೆಸಿ ನೋಡಬೇಕು, ಯಾವುದಕ್ಕೆ ಅಂಗಸಾಧನೆಯ ಚಿಕಿತ್ಸೆ ಬೇಗ ಆರಂಭಿಸಬೇಕು ಎಂದು ತಿಳಿಯುವುದೇ ಇದರ ದೊಡ್ಡ ಪ್ರಯೋಜನ. ಅಲೆ ಓದಿದ ಸಂಶೋಧಕರು ಕೂಡ ತಮ್ಮ ಮಾತು ನಿಜವಾಯಿತೇ ಎಂದು ತಿಳಿಯಲು ಮಗುವಿಗೆ ಸುಮಾರು ಎರಡು ವರ್ಷ ತುಂಬುವವರೆಗೆ ಕಾಯುತ್ತಾರೆ.