‘ದಿವಾನ’ ಪದದ ಮೂಲ ಮತ್ತು ಅರ್ಥವಿಸ್ತಾರ

ದೆಹಲಿಯ ಕೆಂಪುಕೋಟೆಯನ್ನು ಕಂಡ ಕನ್ನಡಿಗರಿಗೆ ಅಲ್ಲಿನ ‘ದಿವಾನ್-ಎ-ಆಮ್’, ‘ದಿವಾನ್-ಎ-ಖಾಸ್’ ಎಂಬ ಹೆಸರುಗಳು ಅಪರಿಚಿತವೆನಿಸಲಾರವು. ಮೈಸೂರು ದಿವಾನರ ಕೀರ್ತಿಯನ್ನು ಕೇಳುತ್ತಲೇ ಬೆಳೆದವರು ನಾವು. ಉಡುಪಿಯ ಮಠಗಳಲ್ಲಿ ಆಡಳಿತವನ್ನು ನೋಡಿಕೊಳ್ಳುವವರನ್ನು ಇಂದಿಗೂ ದಿವಾನರೆಂದೇ ಕರೆಯುತ್ತಾರೆ. ಇಲ್ಲಿ ಸಭಾಮಂಟಪ, ಅಲ್ಲಿ ಅಧಿಕಾರಿ. ಒಂದೇ ಪದಕ್ಕೆ ಇಷ್ಟು ಅರ್ಥಗಳು ಹೇಗೆ ಬಂದವು?

ಈ ಪಾರಸಿ ಪದದ ಬೇರು ಪ್ರಾಚೀನ ಪಾರಸಿಯ ‘ದಿಪಿ’, ಅಂದರೆ ಬರಹ. ನಮ್ಮ ‘ಲಿಪಿ’ ಶಬ್ದಕ್ಕೂ ಇದಕ್ಕೂ ಸಂಬಂಧವಿದೆಯೆಂದು ಭಾಷಾಶಾಸ್ತ್ರಜ್ಞರಲ್ಲಿ ಹಲವರ ಅಭಿಪ್ರಾಯ. ವಾಯವ್ಯ ದಿಕ್ಕಿನ ಶಹಬಾಜ್‌ಗಢಿಯ ಅಶೋಕ ಶಾಸನದಲ್ಲಿ ‘ದಿಪಿ’ ಎಂದೇ ಇದೆ. ದೆಹಲಿಯ ಫಿರೋಜ್ ಷಾ ಕೋಟ್ಲಾದಲ್ಲಿ ನಿಂತಿರುವ ಅಶೋಕಸ್ತಂಭದಲ್ಲಿ ‘ಧಂಮಲಿಪಿ’ ಎಂದಿದೆ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನವನ್ನು ಬರೆದ ಚಪಡನು ತನ್ನನ್ನು ‘ಲಿಪಿಕರ’ನೆಂದು ಹೇಳಿಕೊಂಡಿದ್ದಾನೆ.

ಹೀಗೆ ಬರಹದಿಂದ ಹುಟ್ಟಿದ ‘ದಿವಾನ್’ ಮೊದಲಿಗೆ ಲೆಕ್ಕದ ದಫ್ತರವಾಗಿತ್ತು. 7ನೆಯ ಶತಮಾನದಲ್ಲಿ ಖಲೀಫ ಉಮರನು ಸೈನಿಕರ ವೇತನಕ್ಕಾಗಿ ಇಡಿಸಿದ ಪಟ್ಟಿಗೆ ಇದೇ ಹೆಸರು. ದಫ್ತರವಿದ್ದ ಕಚೇರಿಯೂ ದಿವಾನ್ ಎನಿಸಿತು. ಅಲ್ಲಿ ಕೂಡುವ ಸಭೆಯೂ, ಸಭಿಕರು ಕೂರುವ ಮೆತ್ತೆಯ ಆಸನವೂ ಆ ಹೆಸರನ್ನೇ ಪಡೆದವು. ಇಂದು ನಮ್ಮ ಮನೆಗಳಲ್ಲಿರುವ ದಿವಾನ್ ಮಂಚ ಈ ಕೊನೆಯ ಅರ್ಥದ ಕುರುಹು. ದೆಹಲಿಯ ಗುರುದ್ವಾರಗಳಲ್ಲಿ ಭಕ್ತರ ಸಭೆಗೆ ದಿವಾನ್ ಎನ್ನುತ್ತಾರೆ. ಒಬ್ಬ ಕವಿಯ ಕವಿತೆಗಳನ್ನು ಒಟ್ಟುಗೂಡಿಸಿದ ಗ್ರಂಥವೂ ದಿವಾನ್. ಗಾಲಿಬನ ಉರ್ದು ದಿವಾನ್ ದೆಹಲಿಯಲ್ಲಿ ಮೊದಲು ಅಚ್ಚಾದುದು 1841ರಲ್ಲಿ. ‘ಹುಚ್ಚ’ ಎಂಬರ್ಥದ ‘ದೀವಾನಾ’ ಮಾತ್ರ ಬೇರೆ ಮೂಲದ ಪದ.

ಮೊಗಲರ ಆಡಳಿತದಲ್ಲಿ ದಿವಾನನು ಕಂದಾಯದ ಅಧಿಕಾರಿ. 1765ರಲ್ಲಿ ಬಾದಶಹ ಎರಡನೆಯ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ‘ದಿವಾನಿ’ಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟನು. ಅಂದರೆ ಆ ಪ್ರಾಂತ್ಯಗಳ ಕಂದಾಯ ವಸೂಲಿಯ ಹಕ್ಕು ಕಂಪನಿಯ ಕೈಸೇರಿತು. ಆಸ್ತಿಪಾಸ್ತಿಯ ವ್ಯಾಜ್ಯಗಳೂ ದಿವಾನಿಗೆ ಸೇರಿದ್ದುದರಿಂದ ಸಿವಿಲ್ ದಾವೆಗಳಿಗೆ ಉತ್ತರ ಭಾರತದ ನ್ಯಾಯಾಲಯಗಳಲ್ಲಿ ಈಗಲೂ ‘ದೀವಾನೀ’ ಎಂಬ ಹೆಸರಿದೆ.

ಮೈಸೂರಿನಲ್ಲಿ ಈ ಪದಕ್ಕೆ ಪ್ರಧಾನಮಂತ್ರಿಯೆಂಬ ಗೌರವ ಬಂದಿತು. ಮಾಧ್ವ ಮನೆತನದಲ್ಲಿ ಹುಟ್ಟಿದ ಪೂರ್ಣಯ್ಯನವರು ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ರಾಜ್ಯದ ಹಣಕಾಸನ್ನು ನೋಡಿಕೊಂಡವರು. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಐದು ವರ್ಷದ ಬಾಲಕರಾಗಿದ್ದಾಗ ಇವರು ದಿವಾನರಾದರು. 1811ರಲ್ಲಿ ಅಧಿಕಾರವನ್ನು ಒಪ್ಪಿಸಿದಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಹಣವಿತ್ತೆಂದು ಮೈಸೂರಿನ ಗೆಜೆಟಿಯರ್ ಬರೆದ ಬಿ. ಎಲ್. ರೈಸ್ ಅವರು ದಾಖಲಿಸಿದ್ದಾರೆ. ಮರುವರ್ಷವೇ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾಲವಾದರು.

ಮಂಟಪ, ಆಸನ, ಅಧಿಕಾರ ಇವೆಲ್ಲವೂ ಈ ಪದಕ್ಕೆ ಅನಂತರ ಕೂಡಿಬಂದ ಅರ್ಥಗಳು. ಮೊದಲಿನ ಅರ್ಥ ಲೆಕ್ಕದ ಪುಸ್ತಕ. ರಾಜ್ಯದ ಬೊಕ್ಕಸವಾಗಲಿ, ಮಠದ ಹುಂಡಿಯಾಗಲಿ, ಪರರ ಸ್ವತ್ತನ್ನು ಕಾಯುವವನು ಬರೆದಿಟ್ಟು ಒಪ್ಪಿಸಬೇಕೆಂಬ ಧರ್ಮ ಆ ಪದದ ಬೇರಿನಲ್ಲಿಯೇ ಇದೆ.